ಹಳೆಯ ಪೈಥಾನ್, ಹೊಸ ಪೈಥಾನ್

ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್, ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಅದರ ಎರಡನೆಯ ಆವೃತ್ತಿಯಲ್ಲಿ ಅಕ್ಷರಕ್ಕೂ ಬೈಟಿಗೂ ಸ್ಪಷ್ಟ ಭೇದವಿರಲಿಲ್ಲ. ‘ಕ’ ಎಂಬ ಒಂದೇ ಅಕ್ಷರವನ್ನು, ಅದು ಮೂರು ಬೈಟುಗಳಲ್ಲಿ ಶೇಖರವಾಗಿದ್ದರೆ, ಮೂರೆಂದೇ ಎಣಿಸುತ್ತಿತ್ತು.

2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0 ಈ ತೊಡಕನ್ನು ಬುಡದಲ್ಲೇ ಬಿಡಿಸಿತು. ಆದರೆ ಹಳೆಯ ಪ್ರೋಗ್ರಾಂಗಳಲ್ಲಿ ಅನೇಕವು ಅದರಲ್ಲಿ ಓಡಲಿಲ್ಲ. ಪರಿವರ್ತಿಸುವ ಸಾಧನವೊಂದನ್ನು ಕೊಟ್ಟರೂ ಬಹಳಷ್ಟು ಮಂದಿ ಕದಲಲಿಲ್ಲ. ಏಕೆ? ಒಂದು ಪ್ರೋಗ್ರಾಂ ಬೇರೆಯವರು ಬರೆದ ಹತ್ತಾರು ಪ್ರೋಗ್ರಾಂಗಳನ್ನು ಆಶ್ರಯಿಸಿರುತ್ತದೆ. ಅವು ಬದಲಾಗದೆ ಇದು ಬದಲಾಗದು.

ಕೊನೆಗೆ ನೆರವಾದದ್ದು ಎರಡೂ ಆವೃತ್ತಿಗಳಲ್ಲಿ ಓಡುವಂತೆ ಬರೆಯುವ ಪದ್ಧತಿ. ಅದಕ್ಕೆ ಅನುಕೂಲವಾಗಲೆಂದೇ 2012ರ 3.3 ಆವೃತ್ತಿ, ಕೈಬಿಟ್ಟಿದ್ದ ಬರಹಕ್ರಮವೊಂದನ್ನು ಮರಳಿ ತಂದಿತು. ಹಳೆಯದಕ್ಕೆ 2015ರವರೆಗೆಂದಿದ್ದ ಬೆಂಬಲ 2020ರ ಜನವರಿ 1ರಂದು ನಿಂತಿತು.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಷ್ಟೆ: ಬದಲಾವಣೆ ಸರಿಯಾದುದಾಗಿದ್ದರೆ ಸಾಲದು, ದಾಟಲು ಸೇತುವೆಯೂ ಬೇಕು.