ವಾಟರ್‌ಗೇಟ್: ಒಡೆಯನಿಗೆ ಕ್ಷಮಾದಾನ, ಬಂಟರಿಗೆ ಸೆರೆಮನೆ

ರಾಜಕೀಯ ಹಗರಣ ಎಲ್ಲಿ ಹೊರಬಿದ್ದರೂ ಅದರ ಹೆಸರಿಗೆ ‘ಗೇಟ್’ ಎಂಬ ಬಾಲವನ್ನು ಅಂಟಿಸುವುದು ಪತ್ರಿಕೆಗಳ ರೂಢಿ. ಈ ರೂಢಿಗೆ ಮೂಲ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿರುವ ವಾಟರ್‌ಗೇಟ್ ಎಂಬ ಕಟ್ಟಡ ಸಮುಚ್ಚಯ. ಅಲ್ಲಿ ನಡೆದ ಒಂದು ಕಳ್ಳತನದ ಯತ್ನವು ಆ ದೇಶದ 37ನೇ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಪದವಿಯನ್ನೇ ಕಿತ್ತುಕೊಂಡಿತು. ಆದರೆ ನಿಕ್ಸನ್ ಒಂದು ದಿನವೂ ಆರೋಪಿಯ ಕಟಕಟೆಯಲ್ಲಿ ನಿಲ್ಲಲಿಲ್ಲ. ಜೈಲು ಕಂಡವರು ಅವರ ಆಪ್ತರು. ಅಧಿಕಾರದ ತುದಿಯಲ್ಲಿದ್ದ ಆ ವಲಯ ಕಾನೂನಿನ ಕೈಗೆ ಸಿಕ್ಕಿದ ಬಗೆ ಮತ್ತು ಅದು ಉಳಿಸಿಹೋದ ಪ್ರಶ್ನೆಯ ವಿವರ ಇಲ್ಲಿದೆ.

ಬಾಗಿಲಿಗೆ ಅಂಟಿಸಿದ ಟೇಪು

1972ರ ಜೂನ್ 17ರ ನಸುಕಿನಲ್ಲಿ ವಾಟರ್‌ಗೇಟ್‌ನ ಕಾವಲುಗಾರ ಫ್ರ್ಯಾಂಕ್ ವಿಲ್ಸ್ ಒಂದು ಬಾಗಿಲಿನ ಬೀಗ ಬೀಳದಂತೆ ಟೇಪು ಅಂಟಿಸಿರುವುದನ್ನು ಕಂಡರು. ಅದನ್ನು ಕಿತ್ತು ಹೋದವರು ಮರಳಿ ಬಂದಾಗ ಹೊಸ ಟೇಪು ಅಲ್ಲಿತ್ತು. ಸುದ್ದಿ ತಿಳಿದು ಬಂದ ಪೊಲೀಸರು ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಕಚೇರಿಯಲ್ಲಿ ಐವರನ್ನು ಬಂಧಿಸಿದರು. ಅವರ ಬಳಿ ಕದ್ದಾಲಿಕೆಯ ಉಪಕರಣಗಳೂ ಕ್ಯಾಮೆರಾಗಳೂ ಇದ್ದವು.

ಬಂಧಿತರಲ್ಲಿ ಒಬ್ಬರಾದ ಜೇಮ್ಸ್ ಮೆಕಾರ್ಡ್, ನಿಕ್ಸನ್ ಮರು ಆಯ್ಕೆ ಸಮಿತಿಯ ಭದ್ರತಾ ವ್ಯವಸ್ಥಾಪಕ. ತನಿಖೆಯ ಎಳೆ ಹಿಡಿದು ಹೊರಟಾಗ ಗುಪ್ತಚರ ಸಂಸ್ಥೆ ಸಿಐಎಯ ಮಾಜಿ ಅಧಿಕಾರಿ ಹೊವರ್ಡ್ ಹಂಟ್ ಮತ್ತು ಎಫ್‌ಬಿಐನ ಮಾಜಿ ಅಧಿಕಾರಿ ಗಾರ್ಡನ್ ಲಿಡ್ಡಿ ಅವರ ಹೆಸರುಗಳು ಹೊರಬಂದವು. ಇಬ್ಬರೂ ಶ್ವೇತಭವನದಲ್ಲಿ ಕೆಲಸ ಮಾಡಿದ್ದವರು. ಆದರೂ ಶ್ವೇತಭವನದ ವಕ್ತಾರರು ಇದು ಮೂರನೇ ದರ್ಜೆಯ ಕಳ್ಳತನವೆಂದು ತಳ್ಳಿಹಾಕಿದರು. ಮತದಾರರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ನವೆಂಬರ್‌ನಲ್ಲಿ ನಿಕ್ಸನ್ 50 ರಾಜ್ಯಗಳ ಪೈಕಿ 49ರಲ್ಲಿ ಗೆದ್ದು ಮರು ಆಯ್ಕೆಯಾದರು.

ಮುಚ್ಚಿಡುವ ಯತ್ನವೇ ಮುಳುವಾಯಿತು

ಕಳ್ಳತನವನ್ನು ಅಲ್ಲಿಗೇ ಬಿಟ್ಟಿದ್ದರೆ ಪ್ರಕರಣ ಕೆಲವರ ಶಿಕ್ಷೆಯೊಂದಿಗೆ ಮುಗಿಯುತ್ತಿತ್ತು. ಆದರೆ ಹಂಟ್ ಮತ್ತು ಲಿಡ್ಡಿ ಬಾಯಿ ಬಿಟ್ಟರೆ ಹಳೆಯ ಗುಟ್ಟೊಂದು ಬಯಲಾಗುವ ಭಯವಿತ್ತು. ವಿಯೆಟ್ನಾಂ ಯುದ್ಧದ ರಹಸ್ಯ ಕಡತಗಳು 1971ರಲ್ಲಿ ಪತ್ರಿಕೆಗಳಿಗೆ ಸಿಕ್ಕಿದ್ದವು. ಮಾಹಿತಿ ಸೋರಿಕೆ ತಡೆಯಲೆಂದು ಶ್ವೇತಭವನದಲ್ಲಿ ಆಗ ಗುಪ್ತ ತಂಡವೊಂದು ರಚನೆಯಾಯಿತು. ಸೋರುವುದನ್ನು ನಿಲ್ಲಿಸುವವರಾದ್ದರಿಂದ ಆ ತಂಡಕ್ಕೆ ‘ಪ್ಲಂಬರ್’ಗಳೆಂಬ ಅಡ್ಡಹೆಸರು. ಕಡತಗಳನ್ನು ಹೊರಗೆಡವಿದ ಡೇನಿಯಲ್ ಎಲ್ಸ್‌ಬರ್ಗ್ ಅವರ ಮನೋವೈದ್ಯರ ಕಚೇರಿಗೆ 1971ರ ಸೆಪ್ಟೆಂಬರ್‌ನಲ್ಲಿ ಕನ್ನ ಹಾಕಿಸಿದ್ದೂ ಇದೇ ಹಂಟ್ ಮತ್ತು ಲಿಡ್ಡಿ.

ಹೀಗಾಗಿ ಬಂಧಿತರ ಬಾಯಿ ಮುಚ್ಚಿಸಲು ಹಣ ಹರಿಯಿತು. ಕಳ್ಳತನ ನಡೆದ ಆರೇ ದಿನಕ್ಕೆ, ಜೂನ್ 23ರಂದು, ಎಫ್‌ಬಿಐ ತನಿಖೆಯನ್ನು ಸಿಐಎ ಮೂಲಕ ತಡೆಯುವ ಉಪಾಯಕ್ಕೆ ನಿಕ್ಸನ್ ಒಪ್ಪಿಗೆ ನೀಡಿದರು.

ಈ ಕಟ್ಟು ಸಡಿಲಗೊಂಡದ್ದು ಒಂದು ಪತ್ರದಿಂದ. ಆರೋಪಿಗಳ ಮೇಲೆ ಸುಮ್ಮನಿರುವಂತೆ ಒತ್ತಡವಿದೆ, ಸುಳ್ಳು ಸಾಕ್ಷ್ಯ ನುಡಿಯಲಾಗಿದೆ ಎಂದು ಮೆಕಾರ್ಡ್ ಬರೆದ ಪತ್ರವನ್ನು ನ್ಯಾಯಾಧೀಶ ಜಾನ್ ಸಿರಿಕಾ 1973ರ ಮಾರ್ಚ್ 23ರಂದು ತೆರೆದ ನ್ಯಾಯಾಲಯದಲ್ಲಿ ಓದಿದರು. ಏಪ್ರಿಲ್ 30ರಂದು ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ಬಾಬ್ ಹಾಲ್ಡೆಮನ್, ಆಂತರಿಕ ವ್ಯವಹಾರಗಳ ಸಲಹೆಗಾರ ಜಾನ್ ಎರ್ಲಿಕ್‌ಮನ್ ಹಾಗೂ ಅಟಾರ್ನಿ ಜನರಲ್ ರಿಚರ್ಡ್ ಕ್ಲೈನ್‌ಡೀನ್‌ಸ್ಟ್ ರಾಜೀನಾಮೆ ನೀಡಿದರು. ಶ್ವೇತಭವನದ ವಕೀಲ ಜಾನ್ ಡೀನ್ ಅವರನ್ನು ವಜಾ ಮಾಡಲಾಯಿತು. ಅದೇ ಡೀನ್ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಅಧ್ಯಕ್ಷರ ವಿರುದ್ಧವೇ ಸಾಕ್ಷಿ ನುಡಿದರು.

ಧ್ವನಿಸುರುಳಿಗಳ ಸಮರ

ಡೀನ್ ಮಾತು ನಿಜವೋ, ನಿಕ್ಸನ್ ಮಾತು ನಿಜವೋ? ಇದನ್ನು ತೀರ್ಮಾನಿಸುವ ಸಾಧನ ಶ್ವೇತಭವನದಲ್ಲಿಯೇ ಇತ್ತು. 1971ರಿಂದ ಅಧ್ಯಕ್ಷರ ಕಚೇರಿಯ ಮಾತುಕತೆಯೆಲ್ಲ ಗುಟ್ಟಾಗಿ ಧ್ವನಿಮುದ್ರಣವಾಗುತ್ತಿತ್ತೆಂದು ಶ್ವೇತಭವನದ ಮಾಜಿ ಅಧಿಕಾರಿ ಅಲೆಕ್ಸಾಂಡರ್ ಬಟರ್‌ಫೀಲ್ಡ್ 1973ರ ಜುಲೈ 16ರಂದು ತಿಳಿಸಿದರು.

ಭಾರತಕ್ಕೂ ಈ ಸುರುಳಿಗಳಿಗೂ ನಂಟುಂಟು. 1971ರ ನವೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿ ವಾಷಿಂಗ್ಟನ್‌ಗೆ ಹೋಗಿದ್ದಾಗ ನಿಕ್ಸನ್ ಮತ್ತು ಹೆನ್ರಿ ಕಿಸಿಂಜರ್ ಅವರು ಇಂದಿರಾ ಬಗ್ಗೆ ಆಡಿದ ಕೀಳು ಮಾತುಗಳು ಇದೇ ಯಂತ್ರದಲ್ಲಿ ದಾಖಲಾಗಿದ್ದವು. 2005ರಲ್ಲಿ ಅವು ಬಹಿರಂಗವಾದಾಗ ಕಿಸಿಂಜರ್ ವಿಷಾದ ವ್ಯಕ್ತಪಡಿಸಬೇಕಾಯಿತು.

ಸುರುಳಿಗಳನ್ನು ಕೇಳಿದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ತೆಗೆದುಹಾಕುವಂತೆ ನಿಕ್ಸನ್ 1973ರ ಅಕ್ಟೋಬರ್ 20ರಂದು ಆಜ್ಞಾಪಿಸಿದರು. ಹೊಸ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ಒಪ್ಪದೆ ರಾಜೀನಾಮೆ ಕೊಟ್ಟರು. ಅವರ ಕೆಳಗಿನ ವಿಲಿಯಂ ರಕಲ್ಸ್‌ಹೌಸ್ ಅವರೂ ಒಪ್ಪದೆ ಹೊರನಡೆದರು. ಮೂರನೆಯವರಾದ ರಾಬರ್ಟ್ ಬೋರ್ಕ್ ಆಜ್ಞೆಯನ್ನು ಪಾಲಿಸಿದರು. ಮುಂದೆ ಒಪ್ಪಿಸಲಾದ ಒಂದು ಸುರುಳಿಯಲ್ಲಿ ಹದಿನೆಂಟೂವರೆ ನಿಮಿಷದ ಮಾತು ಅಳಿಸಿಹೋಗಿತ್ತು.

1974ರ ಜುಲೈ 24ರಂದು ಸುಪ್ರೀಂ ಕೋರ್ಟ್ 8-0 ಮತಗಳಿಂದ ಸುರುಳಿಗಳನ್ನು ಒಪ್ಪಿಸಲೇಬೇಕೆಂದು ತೀರ್ಪಿತ್ತಿತು. ಕೆಲವೇ ದಿನಗಳಲ್ಲಿ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ಮೂರು ವಾಗ್ದಂಡನಾ ಆರೋಪಗಳನ್ನು ಅಂಗೀಕರಿಸಿತು. ಆಗಸ್ಟ್ 5ರಂದು ಜೂನ್ 23ರ ಮಾತುಕತೆ ಬಹಿರಂಗವಾದ ಮೇಲೆ ಸ್ವಪಕ್ಷೀಯರೂ ಕೈಬಿಟ್ಟರು. ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ತ್ಯಜಿಸಿದರು. ರಾಜೀನಾಮೆ ನೀಡಿದ ಏಕೈಕ ಅಮೆರಿಕ ಅಧ್ಯಕ್ಷರು ಅವರೇ.

ಯಾರಿಗೆ ಏನಾಯಿತು?

ಜಾನ್ ಮಿಚೆಲ್: 1969ರಿಂದ 1972ರವರೆಗೆ ಅಟಾರ್ನಿ ಜನರಲ್, ಬಳಿಕ ಮರು ಆಯ್ಕೆ ಸಮಿತಿಯ ಮುಖ್ಯಸ್ಥ. ದೇಶದ ಕಾನೂನು ಕಾಯಬೇಕಾದವರೇ ಅದನ್ನು ಮುರಿದದ್ದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಒಳಸಂಚು, ನ್ಯಾಯದಾನಕ್ಕೆ ಅಡ್ಡಿ ಮತ್ತು ಸುಳ್ಳು ಸಾಕ್ಷ್ಯದ ಅಪರಾಧಕ್ಕಾಗಿ 19 ತಿಂಗಳು ಸೆರೆವಾಸ ಅನುಭವಿಸಿದರು.

ಹಾಲ್ಡೆಮನ್ ಮತ್ತು ಎರ್ಲಿಕ್‌ಮನ್: ಮಿಚೆಲ್ ಜೊತೆಗೇ 1975ರ ಜನವರಿ 1ರಂದು ಅಪರಾಧಿಗಳೆಂದು ಸಾಬೀತಾದರು. ತಲಾ 18 ತಿಂಗಳು ಜೈಲಿನಲ್ಲಿದ್ದರು.

ಚಾರ್ಲ್ಸ್ ಕೋಲ್ಸನ್: ಅಧ್ಯಕ್ಷರ ವಿಶೇಷ ಸಲಹೆಗಾರ. ಎಲ್ಸ್‌ಬರ್ಗ್ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ಏಳು ತಿಂಗಳು ಸೆರೆಯಲ್ಲಿದ್ದರು. 1976ರಲ್ಲಿ ಕೈದಿಗಳ ನಡುವೆ ಸೇವೆ ಸಲ್ಲಿಸುವ ಕ್ರೈಸ್ತ ಸಂಸ್ಥೆ ಕಟ್ಟಿದರು.

ಜಾನ್ ಡೀನ್: ತಪ್ಪೊಪ್ಪಿಕೊಂಡು ಅಭಿಯೋಜಕರಿಗೆ ನೆರವಾದರು. ಸುಮಾರು ನಾಲ್ಕು ತಿಂಗಳಲ್ಲಿ ಬಿಡುಗಡೆ.

ಗಾರ್ಡನ್ ಲಿಡ್ಡಿ: ಕೊನೆಯವರೆಗೂ ಬಾಯಿ ಬಿಡಲಿಲ್ಲ. ಗರಿಷ್ಠ 20 ವರ್ಷಗಳ ಶಿಕ್ಷೆ ವಿಧಿಸಲಾಗಿತ್ತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರಲ್ಲಿ ಅದನ್ನು ಇಳಿಸಿದ್ದರಿಂದ ನಾಲ್ಕು ವರ್ಷಕ್ಕೂ ಹೆಚ್ಚು ಕಾಲದ ಸೆರೆಯ ನಂತರ ಹೊರಬಂದರು.

ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಅವರ ಪತನ ಬೇರೆಯದೇ ಕಾರಣಕ್ಕೆ. ತೆರಿಗೆ ವಂಚನೆಯ ಆರೋಪವನ್ನು ಎದುರಿಸದೆ ಅವರು 1973ರ ಅಕ್ಟೋಬರ್ 10ರಂದು ರಾಜೀನಾಮೆ ನೀಡಿದರು. ಅವರಿಗೆ 10,000 ಡಾಲರ್ ದಂಡ ಬಿತ್ತು, ಸೆರೆವಾಸ ತಪ್ಪಿತು.

ಕ್ಷಮಾದಾನ ಮತ್ತು ಉಳಿದ ಪ್ರಶ್ನೆ

ಗ್ರ್ಯಾಂಡ್ ಜ್ಯೂರಿ 1974ರ ಮಾರ್ಚ್‌ನಲ್ಲಿ ಆಪ್ತರ ಮೇಲೆ ದೋಷಾರೋಪ ಹೊರಿಸಿದಾಗ ನಿಕ್ಸನ್ ಅವರನ್ನು ದೋಷಾರೋಪವಿಲ್ಲದ ಸಹಸಂಚುಗಾರರೆಂದು ಹೆಸರಿಸಿತ್ತು. ಪದವಿ ಬಿಟ್ಟ ಮೇಲೆ ಅವರ ಮೇಲೂ ಮೊಕದ್ದಮೆ ಹೂಡಬಹುದೆಂಬ ನಿರೀಕ್ಷೆಯಿತ್ತು. ಆದರೆ ಉತ್ತರಾಧಿಕಾರಿ ಜೆರಾಲ್ಡ್ ಫೋರ್ಡ್ 1974ರ ಸೆಪ್ಟೆಂಬರ್ 8ರಂದು, ನಿಕ್ಸನ್ ತಮ್ಮ ಅಧಿಕಾರಾವಧಿಯಲ್ಲಿ ಎಸಗಿರಬಹುದಾದ ಎಲ್ಲ ಅಪರಾಧಗಳಿಗೂ ಪೂರ್ಣ ಕ್ಷಮಾದಾನ ನೀಡಿದರು. ದೇಶ ಈ ಅಧ್ಯಾಯವನ್ನು ಮುಗಿಸಿ ಮುಂದೆ ಸಾಗಬೇಕೆಂಬುದು ಅವರ ಸಮರ್ಥನೆ. ಒಳ ಒಪ್ಪಂದವೇನೂ ಇರಲಿಲ್ಲವೆಂದು ಅವರು ಸಂಸತ್ತಿನ ಉಪಸಮಿತಿಯ ಮುಂದೆ ಖುದ್ದು ಹೇಳಿಕೆ ನೀಡಿದರು. 1976ರ ಚುನಾವಣೆಯಲ್ಲಿ ಫೋರ್ಡ್ ಸೋತರು. ಈ ನಿರ್ಧಾರವೂ ಸೋಲಿಗೆ ಕಾರಣವೆಂದು ಹಲವರು ಭಾವಿಸುತ್ತಾರೆ.

ಆದೇಶ ಪಾಲಿಸಿದವರಿಗೆ ಶಿಕ್ಷೆಯಾಯಿತು. ಯಾರಿಗಾಗಿ ಪಾಲಿಸಿದರೋ ಅವರ ವಿಚಾರಣೆಯೇ ನಡೆಯಲಿಲ್ಲ. ಹೀಗಾಗಿ ಮಾಜಿ ಅಧ್ಯಕ್ಷರನ್ನು ಅಧಿಕಾರದಲ್ಲಿದ್ದಾಗಿನ ಕೃತ್ಯಗಳಿಗಾಗಿ ದಂಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಉಳಿಯಿತು. ಅರ್ಧ ಶತಮಾನದ ಬಳಿಕ, 2024ರ ಜುಲೈ 1ರಂದು, ಡೊನಾಲ್ಡ್ ಟ್ರಂಪ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ 6-3 ಮತಗಳ ಉತ್ತರ ನೀಡಿತು. ಸಂವಿಧಾನದತ್ತ ಮೂಲ ಅಧಿಕಾರಗಳ ಬಳಕೆಗೆ ಪೂರ್ಣ ರಕ್ಷಣೆ, ಉಳಿದ ಅಧಿಕೃತ ಕೃತ್ಯಗಳಿಗೆ ಕನಿಷ್ಠ ಪೂರ್ವಭಾವಿ ರಕ್ಷಣೆ ಉಂಟು. ಖಾಸಗಿ ಕೃತ್ಯಗಳಿಗೆ ರಕ್ಷಣೆ ಇಲ್ಲ ಎಂಬುದು ಅದರ ಸಾರ. ಅಧಿಕಾರಿಗಳಿಗೆ ಅಧ್ಯಕ್ಷರು ಕೊಡುವ ಆದೇಶ ಇವುಗಳಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂಬುದೇ ಇನ್ನು ಮುಂದಿನ ವಾದ.

ಅಧ್ಯಕ್ಷರ ಸುತ್ತಲಿನವರಿಗೆ ಮಾತ್ರ ಅಂಥ ರಕ್ಷಣೆಯನ್ನು ಈ ತೀರ್ಪು ಕೊಟ್ಟಿಲ್ಲ. ಒಡೆಯನ ಅಪ್ಪಣೆಯಿತ್ತೆಂಬ ಮಾತು ಮಿಚೆಲ್, ಹಾಲ್ಡೆಮನ್, ಎರ್ಲಿಕ್‌ಮನ್ ಅವರನ್ನು ಅಂದು ಕಾಯಲಿಲ್ಲ ಎಂಬುದನ್ನು ಅಧಿಕಾರದ ನೆರಳಿನಲ್ಲಿ ನಿಂತವರು ಮರೆಯುವಂತಿಲ್ಲ.