ಮನೆ ಕ್ಯಾಮೆರಾ ಕಂಡುಹಿಡಿದ ಕಪ್ಪು ಹೆಣ್ಣುಮಗಳು

ಬೀರೂರಿನ ಗಲ್ಲಿಗಳಲ್ಲೂ ಈಗ ಗೇಟಿನ ಮೇಲೆ ಕ್ಯಾಮೆರಾ ಕಾಣ್ತವೆ. ದುಡ್ಡಿದ್ದೋರ ಶೋಕಿ ಅಂತ ನಮ್ಮ ಹುಡುಗರು ನಗ್ತಾರೆ. ಅದರ ಚರಿತ್ರೆ ಬೇರೆಯೇ ಇದೆ ಗೆಳೆಯರೇ.

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅನ್ನೋ ಕಪ್ಪು ಜನಾಂಗದ ನರ್ಸ್ ಇದ್ದರು. ಗಂಡ ಹೆಂಡತಿ ಡ್ಯೂಟಿ ಹೊತ್ತು ಬೇರೆ ಬೇರೆ, ಎಷ್ಟೋ ರಾತ್ರಿ ಮನೇಲಿ ಒಬ್ಬರೇ. ಕರೆದರೂ ಪೊಲೀಸರು ಬೇಗ ಬರ್ತಿರಲಿಲ್ಲ. (ಎಲ್ಲೋ ಕೇಳಿದ ಹಾಗಿದೆ ಅಲ್ವಾ?) ಬಾಗಿಲಿಗೆ ಇಣುಕು ತೂತುಗಳು, ಹಿಂದೆ ಮೇಲೆ ಕೆಳಗೆ ಜಾರೋ ಕ್ಯಾಮೆರಾ, ಮಲಗೋ ಕೋಣೇಲಿ ಟಿವಿ, ಬಂದೋರ ಜೊತೆ ಮಾತಾಡೋಕೆ ಮೈಕು. 1966ರಲ್ಲಿ ಗಂಡ ಆಲ್ಬರ್ಟ್ ಜೊತೆ ಅರ್ಜಿ ಹಾಕಿದರು, 1969ರಲ್ಲಿ ಪೇಟೆಂಟ್ ಸಿಕ್ತು.

ನಮ್ಮ ಕಡೆ ಕಾವಲು ಅಂದ್ರೆ ತೋಟಿ, ಕುಳುವಾಡಿ. ಊರಿನ ಗಡಿ, ಬೆಳೆ ಕಾಯ್ದೋರು ನಮ್ಮೋರು. ಅವರ ಕೇರಿ ಕಾಯೋಕೆ ಯಾರೂ ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯದ ಚಾಕರಿ ತೆಗೀತು.

2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್, ಪ್ರತಿ ಪೊಲೀಸ್ ಠಾಣೆಗೂ ಧ್ವನಿ ಸಮೇತ ಕ್ಯಾಮೆರಾ ಹಾಕಿ ಅಂತು. ಐದೇ ತಿಂಗಳಿಗೆ, 2021ರ ಮೇನಲ್ಲಿ, ನಮ್ಮದೇ ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ಮೂತ್ರ ಕುಡಿಸಿದರು ಅಂತ ದಲಿತ ಯುವಕನ ದೂರು.

ಕೇರಿಯಲ್ಲಿ ಹಾಕ್ಸೋರು ಕಂಪನಿ ಕೊಟ್ಟ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ, ಇಲ್ಲಾಂದ್ರೆ ನಿಮ್ಮನೆ ಬೇರೆಯೋರು ನೋಡ್ತಾರೆ. ಮೆಮೊರಿ ಕಾರ್ಡ್ ತುಂಬಿದ್ರೆ ಹಳೇದು ತಾನಾಗೇ ಅಳಿಸುತ್ತೆ. ಗಲಾಟೆ ಆದ ದಿನವೇ ಪ್ರತಿ ತೆಗೆದಿಡಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜೊತೆಗಿರಲಿ.