ಕೆದರುವ ಕೂದಲಿನ ಹಿಂದೆ ಬಿದ್ದು...

ಮುಂಬಯಿಗೆ ಮಳೆ ಬಂತು ಅಂತ ಹೇಳಲು ಹವಾಮಾನ ಇಲಾಖೆ ಬೇಕಿಲ್ಲ. ಜೂನ್ ಎರಡನೇ ವಾರದಲ್ಲಿ ಬೆಳಿಗ್ಗೆ ಡೊಂಬಿವಲಿಯಿಂದ ಹೊರಡುವ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು. ಮನೆಯಲ್ಲಿ ಬಾಚಿ ಕೂರಿಸಿದ ಕೂದಲು ಠಾಣೆ ದಾಟುವುದರೊಳಗೆ ಎದ್ದು ನಿಂತಿರುತ್ತದೆ. ಗುಂಗುರು ಕೂದಲಿನವರದ್ದಂತೂ ಕೇಳುವುದೇ ಬೇಡ. ನನ್ನ ಮಗಳು ಆ ಪಂಗಡಕ್ಕೆ ಸೇರಿದವಳು (ನನ್ನ ಕಡೆಯಿಂದಲೇ ಬಂದ ಬಳುವಳಿ, ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಾಳೆ).

ಈ ಸಲ ಅವಳು ಕೆರಾಟಿನ್ ಮಾಡಿಸುತ್ತೇನೆ ಅಂದಳು. ಪಾರ್ಲರಿನಲ್ಲಿ ನಾಲ್ಕು ಗಂಟೆ ಕೂತರೆ ಆರು ತಿಂಗಳು ಚಿಂತೆ ಇಲ್ಲವಂತೆ. ಏನು ಹಚ್ಚುತ್ತಾರೆ ಅಂತ ಕೇಳಿದೆ. "ಏನೋ ಕ್ರೀಮು ಅಮ್ಮ, ನಿನಗ್ಯಾಕೆ?" ಅಂದಳು. ನನಗ್ಯಾಕೆ ಅನ್ನಿಸಿಕೊಂಡ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಓದುತ್ತಾ ಹೋದೆ. ಓದಿದ್ದು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಮೊದಲು ಕರೆದುಕೊಂಡು ಹೋಗಿದ್ದು ಜಿನೀವಾಕ್ಕೆ.

ಅಲ್ಲಿ ಹೊರೇಸ್ ಬೆನೆಡಿಕ್ಟ್ ದ ಸಸ್ಯೂರ್ ಅಂತ ಒಬ್ಬ ಪಂಡಿತನಿದ್ದ. ಆಲ್ಪ್ಸ್ ಪರ್ವತಗಳ ಹುಚ್ಚು ಹಿಡಿದವನು, 1787ರಲ್ಲಿ ಮೋಂ ಬ್ಲಾಂ ಶಿಖರವನ್ನೂ ಹತ್ತಿ ಬಂದ. ಗಾಳಿಯಲ್ಲಿ ಎಷ್ಟು ತೇವ ಇದೆ ಅಂತ ಅಳೆಯಲು ಅವನಿಗೊಂದು ಉಪಕರಣ ಬೇಕಿತ್ತು. ಅದಕ್ಕೆ ಅವನು ಆರಿಸಿಕೊಂಡಿದ್ದು ಮನುಷ್ಯರ ತಲೆಕೂದಲನ್ನು! ಒಂದೇ ಒಂದು ಎಳೆ. ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿಯನ್ನು ಪುಟ್ಟ ಗಾಲಿಗೆ ಸುತ್ತಿ, ಅದಕ್ಕೊಂದು ಮುಳ್ಳು ಕೂರಿಸಿದ. ಗಾಳಿ ತೇವವಾದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ, ಮುಳ್ಳು ಅತ್ತಿತ್ತ ಓಡುತ್ತದೆ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದಾಗ ಕೂದಲು ಹಿಗ್ಗುವುದು ಸುಮಾರು ಶೇ. 2.5ರಷ್ಟು, ಅಂದರೆ ಮೊಳದುದ್ದದ ಕೂದಲಿಗೆ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ. ಇದರ ಬಗ್ಗೆ 1783ರಲ್ಲಿ ದಪ್ಪನೆಯ ಪುಸ್ತಕವನ್ನೇ ಬರೆದ. ಡೆಲೂಕ್ ಎಂಬ ಇನ್ನೊಬ್ಬ ಪಂಡಿತ ಕೂದಲಿಗಿಂತ ತಿಮಿಂಗಿಲದ ಬಾಯಿಯ ಬಲೀನ್ ಪಟ್ಟಿಯೇ ವಾಸಿ ಅಂತ ಜಗಳಕ್ಕೆ ನಿಂತ. ಕೊನೆಗೆ ಉಳಿದುಕೊಂಡಿದ್ದು ಕೂದಲು. ಮುಂದೆ ನಮ್ಮ ದೇಶದ ಹವಾಮಾನ ವೀಕ್ಷಣಾಲಯಗಳಲ್ಲೂ ಕೂದಲಿನ ಹೈಗ್ರೋಗ್ರಾಫ್ ಕೆಲಸ ಮಾಡಿತು.

ಇಷ್ಟು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಉಪಕರಣಕ್ಕೆ ಕಟ್ಟುವ ಮೊದಲು ಸಸ್ಯೂರ್ ಆ ಕೂದಲನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸುತ್ತಿದ್ದ. ಯಾಕೆ? ಅದರ ಎಣ್ಣೆಯ ಪಸೆ ಪೂರ್ತಿ ಹೋಗಲಿ ಅಂತ. ಜಿಡ್ಡಿದ್ದರೆ ಕೂದಲು ಗಾಳಿಯ ಮಾತು ಕೇಳುವುದಿಲ್ಲ, ಮುಳ್ಳು ಸರಿಯಾಗಿ ಓಡುವುದಿಲ್ಲ. ಅಂದರೆ ಕೂದಲು ಗಾಳಿಯ ತಾಳಕ್ಕೆ ಕುಣಿಯಬೇಕಾದರೆ ಮೊದಲು ಅದರ ಎಣ್ಣೆ ತೆಗೆಯಬೇಕು.

ನಮ್ಮ ಅಜ್ಜಿಯಂದಿರು ಮಾಡಿದ್ದು ಇದರ ತದ್ವಿರುದ್ಧ. ಕುಣಿಯಬಾರದು ಅಂತ ಎಣ್ಣೆ ಹಚ್ಚಿದರು.

ಕೂದಲು ಯಾಕೆ ಹೀಗೆ ಆಡುತ್ತದೆ ಅನ್ನುವುದು ತಿಳಿಯಲು ಇನ್ನೂ ನೂರೈವತ್ತು ವರ್ಷ ಹಿಡಿಯಿತು. ಅದು ಗೊತ್ತಾಗಿದ್ದು ಉಣ್ಣೆಯ ಪುಣ್ಯದಿಂದ. ಇಂಗ್ಲೆಂಡಿನ ಲೀಡ್ಸ್ ಉಣ್ಣೆ ಗಿರಣಿಗಳ ಊರು. ಅಲ್ಲಿ 1930ರ ದಶಕದಲ್ಲಿ ವಿಲಿಯಂ ಆಸ್ಟ್‌ಬರಿ ಎಂಬ ವಿಜ್ಞಾನಿ ಉಣ್ಣೆ ಮತ್ತು ಕೂದಲಿನ ಎಕ್ಸ್-ರೇ ಚಿತ್ರ ತೆಗೆದು, ಒಳಗಿನ ಕೆರಾಟಿನ್ ಎಂಬ ಪ್ರೋಟೀನು ಸುರುಳಿ ಸುತ್ತಿಕೊಂಡಿರುತ್ತದೆ, ಒದ್ದೆ ಮಾಡಿ ಎಳೆದರೆ ಬಿಚ್ಚಿಕೊಳ್ಳುತ್ತದೆ ಅಂತ ಕಂಡುಕೊಂಡ. ಆ ಸುರುಳಿಯ ಸರಿಯಾದ ಆಕಾರವನ್ನು 1951ರಲ್ಲಿ ಅಮೆರಿಕದ ಲೈನಸ್ ಪೌಲಿಂಗ್ ಮತ್ತು ಜೊತೆಯವರು ಬಿಡಿಸಿಟ್ಟರು. ಈ ಎಳೆಗಳನ್ನು ಹಿಡಿದಿಡುವುದು ಮುಖ್ಯವಾಗಿ ಎರಡು ಬಗೆಯ ಗಂಟುಗಳು. ಒಂದು ಹೈಡ್ರೋಜನ್ ಬಂಧ. ನೀರು ತಾಗಿದರೆ ಬಿಚ್ಚುತ್ತದೆ, ಒಣಗಿದಾಗ ಇದ್ದ ಆಕಾರದಲ್ಲೇ ಮತ್ತೆ ಬಿಗಿಯುತ್ತದೆ. ಒದ್ದೆ ತಲೆಯಲ್ಲಿ ಮಲಗಿ ಎದ್ದರೆ ಬೆಳಿಗ್ಗೆ ಯಾಕೆ ಆ ಅವತಾರ ಅಂತ ಈಗ ಗೊತ್ತಾಯಿತಲ್ಲ? ಇನ್ನೊಂದು ಗಂಧಕದ ಬಂಧ. ಅದು ಬರೀ ನೀರಿಗೆ ಜಗ್ಗುವುದಿಲ್ಲ, ರಾಸಾಯನಿಕವೇ ಬೇಕು.

ಮಳೆಗಾಲದಲ್ಲಿ ಆಗುವುದು ಮೊದಲನೆಯದರ ಆಟ. ಗಾಳಿಯ ನೀರು ಒಳಗೆ ನುಗ್ಗುತ್ತದೆ, ಒಂದೊಂದು ಎಳೆಯೂ ಅದರದರ ಲೆಕ್ಕದಲ್ಲಿ ಹಿಗ್ಗಿ ಬಾಗುತ್ತದೆ, ಅಕ್ಕಪಕ್ಕದ್ದರ ಜೊತೆ ಸಾಲಾಗಿ ಕೂರುವುದಿಲ್ಲ. ಮೇಲಿನ ಹೊಪ್ಪಳಿಕೆಯಂಥ ಪದರ ಸವೆದ ಕೂದಲಿಗೆ ಇದು ಇನ್ನೂ ಜಾಸ್ತಿ. ಗುಂಗುರು ಕೂದಲಿಗೆ ಇನ್ನೊಂದು ಕಷ್ಟವೂ ಇದೆ. ನೆತ್ತಿಯಲ್ಲಿ ಹುಟ್ಟುವ ಎಣ್ಣೆ ನೆಟ್ಟಗಿನ ಕೂದಲಿನ ಮೇಲೆ ಸಲೀಸಾಗಿ ಇಳಿದಂತೆ ಅಂಕುಡೊಂಕಿನ ಕೂದಲಿನ ಮೇಲೆ ಇಳಿಯುವುದಿಲ್ಲ. ತುದಿಗೆ ಬರುವಷ್ಟರಲ್ಲಿ ಬರಗಾಲ.

ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಇದಕ್ಕೆ ಭಾನುವಾರ ಮದ್ದಿತ್ತು. ಬೆಳಿಗ್ಗೆ ತಲೆಗೆ ತೆಂಗಿನೆಣ್ಣೆ ತಿಕ್ಕಿ, ತೋಟದ ದಾಸವಾಳದ ಸೊಪ್ಪು ಕಿವುಚಿದ ಗೊಂಪು ಹಾಕಿ, ಬಚ್ಚಲಿನ ಹಂಡೆಯ ನೀರಿನಲ್ಲಿ ಸ್ನಾನ. ಘಟ್ಟದ ಮೇಲಿನವರಿಗೆ ಸೀಗೆಕಾಯಿ, ಚಿಗರೆಪುಡಿ, ಅಂಟುವಾಳ. ಸೀಗೆಕಾಯಿಯಲ್ಲಿರುವ ನೊರೆಯ ಅಂಶ ಕೊಳೆ ತೆಗೆಯುತ್ತದೆ, ಆದರೆ ಸಸ್ಯೂರನ ಸೋಡಾದಷ್ಟು ನಿರ್ದಯಿಯಲ್ಲ. ಸ್ವಲ್ಪ ಪಸೆ ಬಿಟ್ಟೇ ಬಿಡುತ್ತದೆ. ಇದನ್ನೆಲ್ಲ ಸ್ವರ್ಗ ಅಂತ ನಾನು ಹೇಳಲಾರೆ. ಕಣ್ಣಿಗೆ ಹೋದ ಸೀಗೆಪುಡಿಯ ಉರಿ ಈಗಲೂ ನೆನಪಿದೆ. ಮಧ್ಯಾಹ್ನದವರೆಗೂ ತಲೆಯಿಂದ ಪುಡಿ ಉದುರುತ್ತಿತ್ತು.

ಆದರೆ ತೆಂಗಿನೆಣ್ಣೆಯ ವಿಷಯದಲ್ಲಿ ಅಜ್ಜಿಯದ್ದೇ ಗೆಲುವು. 2003ರಲ್ಲಿ ಇದೇ ಮುಂಬಯಿಯ ಮಾರಿಕೋ ಕಂಪನಿಯ ಸಂಶೋಧಕರಾದ ರೇಳೆ ಮತ್ತು ಮೋಹಿಲೆ ಒಂದು ಪ್ರಬಂಧ ಪ್ರಕಟಿಸಿದರು. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹಚ್ಚಿ ನೋಡಿದಾಗ ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೆಟ್ಟಗಿನದು, ಹಾಗಾಗಿ ಕೂದಲಿನ ಒಳಕ್ಕೇ ಇಳಿಯುತ್ತದೆ. ಇಳಿದ ಮೇಲೆ ನೀರಿಗೆ ಜಾಗ ಕಡಿಮೆ. ಮಿನರಲ್ ಆಯಿಲ್ ಮೇಲೆ ಕೂರುತ್ತದೆ ಅಷ್ಟೇ. ಪ್ಯಾರಾಶೂಟ್ ಎಣ್ಣೆ ಮಾರುವ ಕಂಪನಿಯವರೇ ಹೀಗೆ ಹೇಳಿದರೆ ನಂಬುವುದು ಹೇಗೆ ಅನ್ನುತ್ತೀರಾ? ನನಗೂ ಆ ಅನುಮಾನ ಬಂತು. ಆದರೆ ಎಣ್ಣೆ ಒಳಗಿಳಿಯುತ್ತದೆ ಅನ್ನುವುದನ್ನು ಬೇರೆಯವರೂ ನೋಡಿ ಒಪ್ಪಿದ್ದಾರೆ.

ಅಂದಹಾಗೆ ಆ ನೀಲಿ ಬಾಟಲಿಯದ್ದೂ ಒಂದು ಕಥೆ. ಮೊದಲು ಎಣ್ಣೆ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಪ್ಲಾಸ್ಟಿಕ್ ಅಂದರೆ ಇಲಿ ಕಚ್ಚುತ್ತದೆ ಅಂತ ಅಂಗಡಿಯವರು ಮುಟ್ಟುತ್ತಿರಲಿಲ್ಲ. ಚೌಕದ ಬಾಟಲಿಗೆ ಮೂಲೆ ಇದೆ, ಇಲಿಗೆ ಹಲ್ಲೂರಲು ಜಾಗ. ದುಂಡನೆಯ ಬಾಟಲಿ ಮಾಡಿ, ಬೋನಿನಲ್ಲಿ ಇಲಿಗಳ ಜೊತೆ ಇಟ್ಟು ತೋರಿಸಿದ ಮೇಲೆ ವ್ಯಾಪಾರಿಗಳು ಒಪ್ಪಿದರಂತೆ.

ಇರಲಿ. ಹಾಗಾದರೆ ನಮ್ಮ ತಲೆಯ ಎಣ್ಣೆ ತೆಗೆದವರು ಯಾರು? ಶಾಂಪೂ. ಹೆಸರು ಮಾತ್ರ ನಮ್ಮದೇ, ಚಂಪಿ ಎಂಬ ಮಾತಿನ ಬಳಗದ್ದು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್ನಿಗೆ ಹೋಗಿ ಸ್ನಾನಗೃಹ ತೆರೆದು, ರಾಜರಿಗೇ 'ಶಾಂಪೂಯಿಂಗ್ ಸರ್ಜನ್' ಆದ. ಆಗ ಶಾಂಪೂ ಅಂದರೆ ಮೈಕೈ ಒತ್ತುವುದು, ತಲೆ ತೊಳೆಯುವುದಲ್ಲ. ತಲೆಗೆ ಬಂದಿದ್ದು ಆಮೇಲೆ. 1934ರಲ್ಲಿ ಅಮೆರಿಕದಲ್ಲಿ ಸೋಪಿಲ್ಲದ, ಡಿಟರ್ಜೆಂಟಿನ ಮೊದಲ ಶಾಂಪೂ 'ಡ್ರೀನ್' ಬಂತು. ಸೋಪು ಗಡಸು ನೀರಿನಲ್ಲಿ ಬಿಳಿ ಕಸರು ಬಿಡುತ್ತದೆ (ಚೆನ್ನೈ, ಹೈದರಾಬಾದಿನಲ್ಲಿ ಬೋರ್‌ವೆಲ್ ನೀರಿನಲ್ಲಿ ಮೀಯುವ ನಮ್ಮವರಿಗೆ ಇದನ್ನು ಹೇಳಬೇಕಿಲ್ಲ). ಡ್ರೀನ್ ಆ ಕಸರನ್ನು ತಪ್ಪಿಸಿತು. ಆದರೆ ಎಣ್ಣೆಯನ್ನೆಲ್ಲ ಬಳಿದು ತೆಗೆದು ಕೂದಲನ್ನು ತೆಂಗಿನ ನಾರು ಮಾಡಿಟ್ಟಿತು. ಸಸ್ಯೂರನ ಕೆಲಸ ಮನೆಮನೆಯಲ್ಲಿ ಶುರುವಾಗಿತ್ತು.

ಆಮೇಲೆ ಅದಕ್ಕೆ ಪರಿಹಾರವಾಗಿ ಬಂದಿದ್ದು ಕಂಡಿಷನರ್. ಬಟ್ಟೆ ಮೆದು ಮಾಡಲು ಬಳಸುವ ಜಾತಿಯದ್ದೇ ರಾಸಾಯನಿಕ. 1987ರಲ್ಲಿ ಶಾಂಪೂ, ಸಿಲಿಕೋನ್ ಎರಡನ್ನೂ ಒಂದೇ ಬಾಟಲಿಗೆ ಹಾಕಿದರು. ತೆಗೆಯುವುದು ಒಂದು ಕೈ, ಹಚ್ಚುವುದು ಇನ್ನೊಂದು ಕೈ! ನಮ್ಮಲ್ಲಿ ಶಾಂಪೂ ಹಳ್ಳಿಗೆ ಮುಟ್ಟಿದ್ದು ಕಡಲೂರಿನ ಚಿನ್ನಿ ಕೃಷ್ಣನ್ ಅವರ ಸ್ಯಾಶೆಯಿಂದ. ಅವರ ಮಗ ರಂಗನಾಥನ್ 1983ರಲ್ಲಿ ಹದಿನೈದು ಸಾವಿರ ರೂಪಾಯಿ ಹಾಕಿ ಚಿಕ್ ಶಾಂಪೂ ಶುರು ಮಾಡಿದರು. ಊರಿನ ಗೂಡಂಗಡಿಯಲ್ಲಿ ಸರವಾಗಿ ತೂಗಿದ ಆ ಪೊಟ್ಟಣಗಳು ಬಂದ ಮೇಲೆ ನಮ್ಮ ಮನೆಯಲ್ಲಿ ಗೊಂಪು ಮಾಡುವುದು ನಿಂತೇಹೋಯಿತು.

ಇಲ್ಲಿಯವರೆಗೆ ಹೇಳಿದ್ದು ಹೈಡ್ರೋಜನ್ ಬಂಧದ ಕಥೆ, ನೀರಿನ ಕಥೆ. ಮಗಳ ಕ್ರೀಮಿನ ಕಥೆ ಬೇರೆ. ಅದರ ಬೇರು ಅಮೆರಿಕದ ಕಪ್ಪು ಜನರ ಬದುಕಿನಲ್ಲಿದೆ. ನನಗೆ ಓದಲು ಕಷ್ಟವಾಗಿದ್ದು ಈ ಭಾಗವೇ.

ಗುಲಾಮಗಿರಿ ಮುಗಿದರೂ ಸುರುಳಿ ಕೂದಲು ಅಂದರೆ ಕೊಳಕು ಕೂದಲು, ನೆಟ್ಟಗಿನದು ಮರ್ಯಾದೆಯ ಕೂದಲು ಎಂಬ ಲೆಕ್ಕ ಹೋಗಲಿಲ್ಲ. ಕೆಲಸ ಬೇಕಾದರೆ, ನಾಲ್ಕು ಜನರೆದುರು ಬರಬೇಕಾದರೆ ಕಾದ ಕಬ್ಬಿಣದ ಬಾಚಣಿಗೆ. ಸೇಂಟ್ ಲೂಯಿಯಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಸಾರಾ ಬ್ರೀಡ್‌ಲವ್ ಎಂಬಾಕೆ ತನ್ನ ಕೂದಲು ಉದುರಿದ್ದಕ್ಕೆ ಮದ್ದು ಹುಡುಕುತ್ತಾ ಹೋಗಿ, ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ದೊಡ್ಡ ವ್ಯಾಪಾರ ಕಟ್ಟಿದಳು. ಸಾವಿರಾರು ಕಪ್ಪು ಹೆಂಗಸರಿಗೆ ಸ್ವಂತ ದುಡಿಮೆ ಸಿಕ್ಕಿತು. ಕೂದಲು ನೆಟ್ಟಗೆ ಮಾಡುವವಳು ಅಂತ ತನ್ನನ್ನು ಕರೆದರೆ ಆಕೆ ಒಪ್ಪುತ್ತಿರಲಿಲ್ಲ, ಬೆಳೆಸುವವಳು ಅನ್ನುತ್ತಿದ್ದಳು. ಗ್ಯಾರೆಟ್ ಮಾರ್ಗನ್ ಎಂಬಾತ ಹೊಲಿಗೆ ಯಂತ್ರದ ಸೂಜಿ ಬಿಸಿಯಾಗದಂತೆ ದ್ರವ ಮಾಡಲು ಹೊರಟು, ಅದು ತಾಗಿದ ಬಟ್ಟೆಯ ನವಿರು ನೆಟ್ಟಗಾಗಿದ್ದು ನೋಡಿ, ಪಕ್ಕದ ಮನೆಯ ನಾಯಿಯ ಮೇಲೆ ಪ್ರಯೋಗ ಮಾಡಿದನಂತೆ. 1913ರಲ್ಲಿ ಅದಕ್ಕೇ ಕಂಪನಿ ತೆರೆದ. 1923ರಲ್ಲಿ ಟ್ರಾಫಿಕ್ ಸಿಗ್ನಲ್ಲಿಗೆ ಪೇಟೆಂಟ್ ಪಡೆದವನೂ ಇವನೇ. ಗಂಡಸರೂ ಬಿಡಲಿಲ್ಲ. ಮೊಟ್ಟೆ, ಆಲೂಗಡ್ಡೆ ಜೊತೆ ಕಾಸ್ಟಿಕ್ ಸೋಡಾ ಕಲಸಿ ತಲೆಗೆ ಹಚ್ಚುವ 'ಕಾಂಕ್'ನ ಉರಿಯನ್ನು ಮಾಲ್ಕಂ ಎಕ್ಸ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಕಾಸ್ಟಿಕ್ ಸೋಡಾ! ಚರಂಡಿ ಕಟ್ಟಿಕೊಂಡರೆ ಸುರಿಯುತ್ತೇವಲ್ಲ, ಅದೇ. ಅದು ಮುರಿಯುವುದು ಗಂಧಕದ ಬಂಧವನ್ನು.

ಕೂದಲು ನೆಟ್ಟಗೆ ಮಾಡುವ ರಾಸಾಯನಿಕಗಳ ಬಗ್ಗೆ 2022ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 33,497 ಅಮೆರಿಕನ್ ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ್ದರು. 70 ವರ್ಷ ತುಂಬುವುದರೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಇವನ್ನು ಬಳಸದವರಲ್ಲಿ ಶೇ. 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ. 4.05. ಇದು ಸಂಬಂಧ ತೋರಿಸುತ್ತದೆಯೇ ಹೊರತು ಕಾರಣ ಇದೇ ಅಂತ ಸಾಬೀತು ಮಾಡುವುದಿಲ್ಲ. ಆದರೂ ಬಳಸಿದವರಲ್ಲಿ ಸುಮಾರು ಶೇ. 60ರಷ್ಟು ಮಂದಿ ಕಪ್ಪು ಹೆಂಗಸರು ಅನ್ನುವುದು ಸುಮ್ಮನೆ ದಾಟಿ ಹೋಗುವ ಮಾತಲ್ಲ. ಕೂದಲಿನ ಸ್ವಭಾವ ನೋಡಿ ಕೆಲಸ, ಶಾಲೆ ನಿರಾಕರಿಸಬಾರದು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದಿದ್ದೇ 2019ರಲ್ಲಿ.

ನಮ್ಮೂರಿಗೆ, ಅಂದರೆ ಮುಂಬಯಿ ಪುಣೆಯ ಪಾರ್ಲರುಗಳಿಗೆ, 2000ದ ದಶಕದಲ್ಲಿ ಜಪಾನಿನ ಕಡೆಯಿಂದ ರೀಬಾಂಡಿಂಗ್ ಬಂತು. ಅದೂ ಗಂಧಕದ ಬಂಧ ಮುರಿದು, ಇಸ್ತ್ರಿ ಹಾಕಿ, ಮತ್ತೆ ಜೋಡಿಸುವ ಕೆಲಸವೇ. ಆಮೇಲೆ ಬ್ರೆಜಿಲ್ ಕಡೆಯಿಂದ ಈ 'ಕೆರಾಟಿನ್'. ಹೆಸರು ಕೇಳಿದರೆ ಪೌಷ್ಟಿಕ ಆಹಾರದ ಹಾಗಿದೆ. ಅನೇಕ ಕ್ರೀಮುಗಳಲ್ಲಿ ಕೆಲಸ ಮಾಡುತ್ತಿದ್ದುದು ಫಾರ್ಮಾಲ್ಡಿಹೈಡ್, ಅಂದರೆ ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೆಡದಂತೆ ಇಡುವ ಫಾರ್ಮಲಿನ್. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕ ಅಂತ ಘೋಷಿಸಿತ್ತು. 2010ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಪಾರ್ಲರಿನ ಕೆಲಸದವರಿಗೆ ಕಣ್ಣುರಿ, ಉಸಿರಾಟದ ತೊಂದರೆ ಶುರುವಾಗಿ, 'ಫಾರ್ಮಾಲ್ಡಿಹೈಡ್ ಇಲ್ಲ' ಅಂತ ಬರೆದಿದ್ದ ಬಾಟಲಿಗಳನ್ನೇ ಪರೀಕ್ಷಿಸಿದರೆ ಸರಾಸರಿ ಶೇ. 8ಕ್ಕಿಂತ ಹೆಚ್ಚು ಸಿಕ್ಕಿತು.

ಸರಿ, ಅದನ್ನು ಬಿಟ್ಟು ಗ್ಲೈಆಕ್ಸಿಲಿಕ್ ಆಮ್ಲ ಹಾಕತೊಡಗಿದರು. ಇದರ ಮೇಲಿನ ದೂರು ಇನ್ನೂ ಹೊಸದು. 2024ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಟ್ಯುನೀಶಿಯಾದ 26ರ ಹುಡುಗಿಯೊಬ್ಬಳ ವಿಷಯ ಬಂತು. 2020, 2021, 2022ರಲ್ಲಿ ಮೂರು ಸಲ ಕೂದಲು ನೆಟ್ಟಗೆ ಮಾಡಿಸಿಕೊಂಡಳು, ಮೂರು ಸಲವೂ ಅದೇ ದಿನ ವಾಂತಿ, ಬೆನ್ನುನೋವು, ಕಿಡ್ನಿಗೆ ಪೆಟ್ಟು. ಆ ಕ್ರೀಮನ್ನು ಇಲಿಗಳಿಗೆ ಹಚ್ಚಿ ನೋಡಿದಾಗ ಅವುಗಳ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಕಂಡವು. ಸರಿಯಾಗಿ ಬೇಯದ ಪತ್ರೊಡೆ ತಿಂದರೆ ಗಂಟಲು ತುರಿಸುತ್ತದಲ್ಲ, ಕೆಸುವಿನ ಎಲೆಯ ಆ ಹರಳೂ ಇದೇ ವಸ್ತುವಿನದು.

ಇಷ್ಟನ್ನೂ ಮಗಳಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಸುಮ್ಮನೆ ಕೇಳಿದಳು, ನನಗೆ ಆಶ್ಚರ್ಯ. ಆಮೇಲೆ, "ಅಮ್ಮ, ಆಫೀಸಿನಲ್ಲಿ ಪ್ರೆಸೆಂಟೇಶನ್ ಇದ್ದ ದಿನ ತಲೆ ಬಾಚಿಕೊಂಡು ಬಾ ಅಂತ ನಿನಗೆ ಯಾರಾದರೂ ಹೇಳಿದ್ದಾರಾ? ನನಗೆ ಹೇಳಿದ್ದಾರೆ. ಬಾಚಿಕೊಂಡೇ ಹೋಗಿದ್ದೆ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಸ್ಯೂರನ ಹತ್ತಿರವೂ ಇರಲಿಲ್ಲ.

ಮರುದಿನ ಇಬ್ಬರೂ ಪಾರ್ಲರಿಗೆ ಹೋಗಿ ಬಾಟಲಿ ತೋರಿಸಿ ಅಂದೆವು. ಆ ಹುಡುಗಿ ಒಳಗೆ ಹೋಗಿ ತಂದಳು. ಲೇಬಲ್ಲಿನ ಹಿಂಬದಿಯ ಅಕ್ಷರ ಓದಲು ನನ್ನ ಕನ್ನಡಕ ಸಾಲದೆ ಮಗಳು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದಳು. ಮೂರನೇ ಸಾಲಿನಲ್ಲಿ ಗ್ಲೈಆಕ್ಸಿಲಿಕ್ ಇತ್ತು. "ಈ ಮಳೆಗಾಲ ಜಡೆ ಹಾಕಿಕೊಳ್ಳುತ್ತೇನೆ, ಅಕ್ಟೋಬರಿನಲ್ಲಿ ನೋಡೋಣ" ಅಂತ ಹೊರಗೆ ಬಂದಳು. ಶನಿವಾರ ರಾತ್ರಿ ಅವಳೇ ಎಣ್ಣೆ ಬಾಟಲಿ ತಂದು ನನ್ನ ಮುಂದೆ ಕೆಳಗೆ ಕೂತಳು. ಸಿಕ್ಕು ಬಿಡಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.